ದಿನಕ್ಕೊಂದು ಎಳ್ಳುಕಾಳು

ಬೆಳವಣಿಗೆಯೆಂಬುದು ಬೆಳೆಯುವವನ ಅರಿವಿಗೆ ಬಾರದಂತೆ ನಡೆಯುವ ಕೆಲಸ. ಯುಗಾದಿಗೆ ಹೊಲಿಸಿದ ಷರಾಯಿ ದೀಪಾವಳಿಯ ವೇಳೆಗೆ ಗಿಡ್ಡವಾದರೆ ತಾಯಿ ದರ್ಜಿಯನ್ನು ಬಯ್ಯುತ್ತಾಳೆಯೇ ಹೊರತು ಮಗನ ಎಲುಬನ್ನು ನೆನೆಯುವುದಿಲ್ಲ. ಮಗನಿಗಂತೂ ಅದರ ಪರಿವೆಯೇ ಇರುವುದಿಲ್ಲ. ಅವನು ಆಡುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. ಎಲುಬು ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಪ್ರಕೃತಿಯು ಈ ಕೆಲಸವನ್ನು ಇಷ್ಟು ಗುಟ್ಟಾಗಿ ಏಕೆ ನಡೆಸುತ್ತದೆಯೆಂದು ತಿಳಿಯಬೇಕಾದರೆ, ಅದೇ ಕೆಲಸವನ್ನು ಹಾಡುಹಗಲಿನಲ್ಲಿ, ಕಣ್ಣು ತೆರೆದುಕೊಂಡು, ಕೈಯಲ್ಲೊಂದು ಸ್ಪ್ಯಾನರು ಹಿಡಿದು ಮಾಡಿಕೊಂಡವರನ್ನು ಕೇಳಬೇಕು. ಅಂಥವರು ಇದ್ದಾರೆ. ಗಿಡ್ಡವಾದ ಕಾಲನ್ನು ಶಸ್ತ್ರಚಿಕಿತ್ಸೆಯಿಂದ ಉದ್ದಮಾಡಿಸಿಕೊಂಡವರು ಅವರು. ಅವರ ಕಾಲಿನ ಕಥೆಯನ್ನು ವೈದ್ಯರು ಸಾಕಷ್ಟು ಬರೆದಿದ್ದಾರೆ. ಅವರ ಮನಸ್ಸಿನ ಕಥೆ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ.

ಈ ಚಿಕಿತ್ಸೆ ಇಂದು ನಿನ್ನೆಯದಲ್ಲ. ಇಟಲಿಯ ಬೊಲೋನಾ ನಗರದ ವೈದ್ಯನಾದ ಅಲೆಸ್ಸಾಂಡ್ರೋ ಕೊಡಿವಿಲ್ಲಾ ೧೯೦೫ರಲ್ಲಿಯೇ ಇದನ್ನು ಕುರಿತು ಬರೆದಿದ್ದನು. ಆದರೆ ಆ ಕಾಲದ ಕ್ರಮವು ಎಲುಬನ್ನು ತುಂಡರಿಸಿ ಬಲವಂತದಿಂದ ಎಳೆಯುವ ಕ್ರಮ. ಎಲುಬು ಹೇಗೋ ಮಣಿದರೂ ನರಗಳು, ಸ್ನಾಯುಗಳು, ರಕ್ತನಾಳಗಳು ಅಷ್ಟು ಸುಲಭವಾಗಿ ಮಣಿಯುತ್ತಿರಲಿಲ್ಲ. ಈ ವಿದ್ಯೆಗೆ ಒಂದು ಹದವನ್ನು ಕಂಡುಕೊಟ್ಟವನು ರಷ್ಯದ ಗಾವ್ರಿಲ್ ಅಬ್ರಾಮೊವಿಚ್ ಇಲಿಜಾರೊವ್. ೧೯೨೧ರಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಆತ ೧೯೪೪ರಲ್ಲಿ ವೈದ್ಯನಾಗಿ ತೇರ್ಗಡೆ ಹೊಂದಿ ಪಶ್ಚಿಮ ಸೈಬೀರಿಯದ ಕುರ್ಗಾನ್ ಪ್ರಾಂತದ ಡೊಲ್ಗೊವ್ಕಾ ಎಂಬ ಹಳ್ಳಿಗೆ ಹೋದನು. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ ಕಾಲ. ಕೈಕಾಲುಗಳ ಎಲುಬು ಮುರಿದು ಕೂಡದೆ ಉಳಿದವರು ಊರೂರಿನಲ್ಲಿಯೂ ಇದ್ದರು. ಅವರಿಗಾಗಿ ಇಲಿಜಾರೊವ್ ೧೯೫೦-೫೧ರ ಸುಮಾರಿನಲ್ಲಿ ಒಂದು ಸಲಕರಣೆಯನ್ನು ರೂಪಿಸಿದನು. ಕಾಲಿನ ಸುತ್ತ ಲೋಹದ ಬಳೆಗಳು. ಬಳೆಯಿಂದ ಬಳೆಗೆ ತಿರುಪಿನ ಸರಳುಗಳು. ಬಳೆಯ ಒಂದು ಬದಿಯಿಂದ ಎಲುಬನ್ನು ತೂರಿ ಇನ್ನೊಂದು ಬದಿಗೆ ಬಿಗಿದ ಸಣ್ಣ ತಂತಿಗಳು. ಮೊದಮೊದಲು ಆತ ಬಳಸಿದ್ದು ಸೈಕಲ್ಲಿನ ಚಕ್ರದ ಕಡ್ಡಿಗಳನ್ನು.

ಆ ಸಲಕರಣೆಯ ಮೊದಲ ಉದ್ದೇಶ ಮುರಿದ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುವುದು. ಒಬ್ಬ ರೋಗಿ ನಟ್ಟುಗಳನ್ನು ತಪ್ಪು ದಿಕ್ಕಿಗೆ ತಿರುಗಿಸಿ, ಒತ್ತಬೇಕಾದ ತುದಿಗಳನ್ನು ದೂರ ಸರಿಸಿಬಿಟ್ಟನೆಂದೂ, ಎಕ್ಸ್‌ರೇ ತೆಗೆದು ನೋಡಿದರೆ ಆ ತೆರಪಿನಲ್ಲಿ ಹೊಸ ಎಲುಬು ಮೂಡುತ್ತಿದ್ದಿತೆಂದೂ ವೈದ್ಯಲೋಕದಲ್ಲಿ ಒಂದು ಕಥೆಯನ್ನು ಹೇಳುತ್ತಾರೆ. ಕಥೆ ಹೇಗೇ ಇರಲಿ, ತತ್ತ್ವ ನಿಜವಾದುದು. ಎಲುಬನ್ನು ಜಾಗರೂಕತೆಯಿಂದ ಕತ್ತರಿಸಿ, ಐದರಿಂದ ಏಳು ದಿನ ಹಾಗೆಯೇ ಬಿಟ್ಟು, ಆಮೇಲೆ ಎರಡು ತುದಿಗಳನ್ನೂ ಮೆಲ್ಲಮೆಲ್ಲನೆ ದೂರ ಸರಿಸುತ್ತ ಹೋದರೆ ನಡುವಿನ ತೆರಪನ್ನು ದೇಹವೇ ತುಂಬುತ್ತದೆ. ಎಷ್ಟು ಮೆಲ್ಲಗೆ? ದಿನಕ್ಕೆ ಒಂದು ಮಿಲಿಮೀಟರು. ಎಂದರೆ ಎಳ್ಳುಕಾಳಿನ ದಪ್ಪದಷ್ಟು. ಅದನ್ನೂ ಒಂದೇ ಸಲಕ್ಕೆ ಸರಿಸುವಂತಿಲ್ಲ. ಆರು ಗಂಟೆಗೊಮ್ಮೆ ಕಾಲು ಮಿಲಿಮೀಟರಿನಂತೆ ನಾಲ್ಕು ಸಲ ಸರಿಸಬೇಕು. ಅವಸರಪಟ್ಟರೆ ತೆರಪಿನಲ್ಲಿ ಎಲುಬು ಮೂಡುವುದಿಲ್ಲ, ನರಗಳು ನೋಯುತ್ತವೆ. ಸೋಮಾರಿತನ ಮಾಡಿದರೆ ಎಲುಬು ಹೊತ್ತಿಗೆ ಮೊದಲೇ ಕೂಡಿಕೊಂಡು ಮುಂದೆ ಜರುಗದೆ ನಿಲ್ಲುತ್ತದೆ.

ಲೆಕ್ಕ ಕೇಳುವುದಕ್ಕೆ ಸುಲಭ. ಎರಡು ಅಂಗುಲ ಬೆಳೆಯಬೇಕಾದರೆ ೫೦ ದಿನ. ಆದರೆ ೫೦ ದಿನಕ್ಕೆ ಮೂಡುವುದು ಎಳೆಯ ಎಲುಬು. ಹಲಸಿನ ಎಳೆಗಾಯಿಗೂ ಹಣ್ಣಿಗೂ ಇರುವಷ್ಟು ಅಂತರ ಅದಕ್ಕೂ ಗಟ್ಟಿ ಎಲುಬಿಗೂ ಉಂಟು. ಅದು ಮೈಯ ಭಾರವನ್ನು ಹೊರುವಷ್ಟು ಬಲಿಯಬೇಕಾದರೆ ಬೆಳೆಸಲು ಹಿಡಿದ ಕಾಲದ ಎರಡರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಅಷ್ಟು ದಿನವೂ ಬಳೆಗಳು ಕಾಲಿನ ಮೇಲೆಯೇ ಇರಬೇಕು. ಎರಡು ಅಂಗುಲಕ್ಕೆ ಐದಾರು ತಿಂಗಳು ಎಂದು ವೈದ್ಯರು ಹೇಳುವುದು ಇದನ್ನೆಲ್ಲ ಕೂಡಿಸಿ. ಆರು ತಿಂಗಳು ಎಂಬ ಮಾತನ್ನು ರೋಗಿ ಶಸ್ತ್ರಚಿಕಿತ್ಸೆಗೆ ಮೊದಲು ಕೇಳಿರುತ್ತಾನೆ, ತಲೆದೂಗಿಯೂ ಇರುತ್ತಾನೆ. ಆದರೆ ಅವನಿಗೆ ಆಗ ಕೇಳಿಸಿದ್ದು ಎರಡು ಅಂಗುಲ ಎಂಬ ಮಾತು ಮಾತ್ರ.

ಮೊದಲ ಕೆಲವು ದಿನಗಳು ಉತ್ಸಾಹದಲ್ಲಿಯೇ ಕಳೆಯುತ್ತವೆ. ನರ್ಸು ಸ್ಪ್ಯಾನರನ್ನು ಕೈಗೆ ಕೊಟ್ಟು ಯಾವ ನಟ್ಟು, ಯಾವ ದಿಕ್ಕು, ಎಷ್ಟು ಸುತ್ತು ಎಂದು ಕಲಿಸುತ್ತಾಳೆ. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ಮಲಗುವ ಹೊತ್ತು ಎಂದು ವೇಳೆಗಳು ನಿಗದಿಯಾಗುತ್ತವೆ. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಒಂದೊಂದೇ ಗೀಟು ಬೀಳುತ್ತದೆ. ನಟ್ಟು ತಿರುಗಿದಾಗ ನೋವಾಗುತ್ತದೆಯೇ ಎಂದು ಕೇಳಿದವರಿಗೆ ರೋಗಿ ನಗುತ್ತ, ಅದೇನೂ ತಿಳಿಯುವುದಿಲ್ಲ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ನೋವು ನಟ್ಟು ತಿರುಗಿದಾಗ ಬರುವುದಿಲ್ಲ. ಎರಡನೆಯ ವಾರದಿಂದಾಚೆಗೆ, ಸಾಮಾನ್ಯವಾಗಿ ರಾತ್ರಿಯ ಹೊತ್ತು ಬರುತ್ತದೆ. ಎಲುಬಿನೊಡನೆ ಮೀನಖಂಡವೂ ನರಗಳೂ ಚರ್ಮವೂ ಹಿಗ್ಗಬೇಕಲ್ಲ! ಅವು ಹಗಲೆಲ್ಲ ಸುಮ್ಮನಿದ್ದು, ದೀಪ ಆರಿಸಿದ ಮೇಲೆ ತಮ್ಮ ದೂರನ್ನು ಹೇಳಿಕೊಳ್ಳುತ್ತವೆ.

ಆ ಮೇಲಿನ ನಿದ್ರೆಯನ್ನು ನಿದ್ರೆಯೆನ್ನುವಂತಿಲ್ಲ. ಮಗ್ಗುಲು ಬದಲಿಸಿದರೆ ಬಳೆ ಮಂಚಕ್ಕೆ ತಾಗುತ್ತದೆ, ಹೊದಿಕೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಎದ್ದರೆ ತಂತಿಗಳು ಚರ್ಮವನ್ನು ಹೊಕ್ಕು ಹೊರಡುವ ಒಂದೊಂದು ತೂತನ್ನೂ ಶುಚಿಮಾಡಬೇಕು. ಒಂದರಲ್ಲಿ ಕೀವು ಕಂಡರೆ ಅಂದಿನ ದಿನವೆಲ್ಲ ಅದರದೇ ಚಿಂತೆ. ಪಾದ ಮೆಲ್ಲಗೆ ಕೆಳಕ್ಕೆ ಬಾಗತೊಡಗುತ್ತದೆ. ಅದು ಹಾಗೆಯೇ ಬಿಗಿದುಕೊಳ್ಳಬಾರದೆಂದು ದಿನವೂ ಗಂಟೆಗಟ್ಟಲೆ ಕೀಲುಗಳನ್ನು ಬಗ್ಗಿಸಿ ಎಳೆದು ವ್ಯಾಯಾಮ ಮಾಡಬೇಕು. ಷರಾಯಿ ಬಳೆಗಳ ಮೇಲೆ ಏರದು. ಪಂಚೆ ಉಡುವ ಅಭ್ಯಾಸವಿದ್ದವರು ಈ ಒಂದು ವಿಷಯದಲ್ಲಿ ಪುಣ್ಯವಂತರು.

ಇವೆಲ್ಲ ಮೈಯ ಕಷ್ಟಗಳಾದುವು. ಇವುಗಳ ಹಿಂದೆ ಇನ್ನೊಂದು ಕಷ್ಟವಿದೆ. ಲೋಕದಲ್ಲಿ ರೋಗಿಗಳಾದವರೆಲ್ಲ ನೋವನ್ನು ಯಾರಿಂದಲೋ ಯಾವುದರಿಂದಲೋ ಪಡೆಯುತ್ತಾರೆ. ಜ್ವರ ಬಂದವನು ಜ್ವರವನ್ನು ಶಪಿಸಬಹುದು. ಗಾಯವಾದವನು ಗಾಯಮಾಡಿದವನನ್ನು ಬಯ್ಯಬಹುದು. ಕಹಿ ಔಷಧ ಕುಡಿದವನು ವೈದ್ಯನ ಮೇಲೆ ಸಿಡುಕಬಹುದು. ಕಾಲನ್ನು ಬೆಳೆಸಿಕೊಳ್ಳುವವನಿಗೆ ಈ ಸಮಾಧಾನವೂ ಇಲ್ಲ. ದಿನಕ್ಕೆ ನಾಲ್ಕು ಸಲ ನಟ್ಟನ್ನು ತಿರುಗಿಸುವ ಕೈ ಅವನದೇ. ನಿನ್ನೆ ರಾತ್ರಿಯ ನೋವಿಗೆ ಕಾರಣವಾದ ಸುತ್ತನ್ನು ಅವನೇ ಸುತ್ತಿದ್ದನು. ಇಂದಿನ ರಾತ್ರಿಗೆ ಬೇಕಾದುದನ್ನು ಈಗ ಅವನೇ ಸುತ್ತಬೇಕು. ಮರವೂ ಅವನೇ, ಬಡಗಿಯೂ ಅವನೇ. ಕೈ ನಟ್ಟಿನ ಹತ್ತಿರ ಹೋಗಿ ಒಂದು ಗಳಿಗೆ ಅಳುಕುವ ದಿನ ಎಲ್ಲರಿಗೂ ಒಂದಲ್ಲ ಒಂದು ಸಲ ಬರುತ್ತದೆ. ಆ ಅಳುಕನ್ನು ಹೇಡಿತನವೆಂದು ಭಾವಿಸಿ ಅವನು ನಾಚುತ್ತಾನೆ. ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಹೇಳದೆ ಇಟ್ಟುಕೊಂಡದ್ದು ಸಿಡುಕಾಗಿ, ಅಕಾರಣವಾದ ಅಳುವಾಗಿ, ಊಟ ಸೇರದಿರುವುದಾಗಿ ಹೊರಬೀಳುತ್ತದೆ. ಈ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರು ರೋಗಿಯ ಖಿನ್ನತೆಯನ್ನೂ ಚಿಕಿತ್ಸೆಯ ತೊಡಕುಗಳಲ್ಲಿ ಒಂದೆಂದೇ ಎಣಿಸುತ್ತಾರೆ. ಕೀವಿಗೆ ಔಷಧವಿರುವಂತೆ ಅದಕ್ಕೂ ಉಪಚಾರವುಂಟೆಂದು ತಿಳಿದರೆ ರೋಗಿಯ ಅರ್ಧ ಭಾರ ಇಳಿಯುತ್ತದೆ.

ಆದರೂ ಬೆಳೆಸುವ ದಿನಗಳು ವಾಸಿ ಎಂದೇ ಹೇಳಬೇಕು. ಅಲ್ಲಿ ಮಾಡುವುದಕ್ಕೆ ಕೆಲಸವಿದೆ, ಎಣಿಸುವುದಕ್ಕೆ ಲೆಕ್ಕವಿದೆ. ೫೦ನೆಯ ದಿನ ಕೊನೆಯ ಸುತ್ತು ಮುಗಿದಾಗ ಮನೆಯಲ್ಲಿ ಒಂದು ಸಿಹಿ ಮಾಡಿದರೂ ಮಾಡಿದರೇ. ಮರುದಿನದಿಂದ ಸ್ಪ್ಯಾನರಿಗೆ ಕೆಲಸವಿಲ್ಲ. ಬಳೆಗಳು ಮಾತ್ರ ಇದ್ದಲ್ಲಿಯೇ ಇವೆ. ಇನ್ನು ನಡೆಯುವುದೆಲ್ಲ ಒಳಗೆ, ಕಣ್ಣಿಗೆ ಕಾಣದಂತೆ. ತಿಂಗಳಿಗೊಮ್ಮೆ ಎಕ್ಸ್‌ರೇ ತೆಗೆದಾಗ ವೈದ್ಯರು ಬೆಳಕಿಗೆ ಹಿಡಿದು ನೋಡಿ, ‘ಇನ್ನೂ ಸ್ವಲ್ಪ ಬಲಿಯಬೇಕು’ ಎನ್ನುತ್ತಾರೆ. ಆ ಸ್ವಲ್ಪಕ್ಕೆ ಅಳತೆಯಿಲ್ಲ. ಬೆಳೆಸುವಾಗ ಮಿಲಿಮೀಟರನ್ನೂ ನಾಲ್ಕು ಪಾಲು ಮಾಡಿ ಲೆಕ್ಕವಿಟ್ಟವನಿಗೆ ಈಗ ತಿಂಗಳಿಗೂ ಲೆಕ್ಕ ಸಿಕ್ಕುವುದಿಲ್ಲ. ಹಲವರ ಮನಸ್ಸು ಕುಸಿಯುವುದು ನೋವು ಹೆಚ್ಚಾಗಿದ್ದ ಕಾಲದಲ್ಲಲ್ಲ, ನೋವು ಕಡಿಮೆಯಾಗಿ ಕಾಯುವುದೊಂದೇ ಉಳಿದ ಈ ಕಾಲದಲ್ಲಿ. ನೋಡಲು ಬಂದವರು, ‘ಈಗ ನೋವಿಲ್ಲವಲ್ಲ, ಇನ್ನೇನು?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಹೇಳಲು ಅವನಿಗೂ ತಿಳಿಯದು.

ಈ ಮಾತು ಮನಸ್ಸಿಗೆ ಹಿಡಿಯಬೇಕಾದರೆ ವಲೇರಿ ಬ್ರುಮೆಲ್‌ನ ಕಥೆಯನ್ನು ನೆನೆಯಬಹುದು. ಸೈಬೀರಿಯದಲ್ಲಿ ೧೯೪೨ರಲ್ಲಿ ಹುಟ್ಟಿದ ಈತ ಎತ್ತರ ಜಿಗಿತದಲ್ಲಿ ತನ್ನ ಕಾಲದ ಲೋಕಕ್ಕೇ ಮೊದಲಿಗನಾಗಿದ್ದನು. ೧೮ನೆಯ ವಯಸ್ಸಿಗೆ, ೧೯೬೦ರ ರೋಮ್ ಒಲಿಂಪಿಕ್ಸಿನಲ್ಲಿ ಬೆಳ್ಳಿಯ ಪದಕ. ಮುಂದೆ ವಿಶ್ವದಾಖಲೆಯನ್ನು ಮೇಲಿಂದ ಮೇಲೆ ಮುರಿದು ೧೯೬೩ರಲ್ಲಿ ೨.೨೮ ಮೀಟರಿಗೆ ಮುಟ್ಟಿಸಿದನು. ೧೯೬೪ರ ಟೋಕಿಯೋ ಒಲಿಂಪಿಕ್ಸಿನಲ್ಲಿ ಚಿನ್ನ. ಮರುವರ್ಷ ಅಕ್ಟೋಬರಿನಲ್ಲಿ ಮಾಸ್ಕೋದಲ್ಲಿ ಮೋಟಾರ್ ಸೈಕಲ್ ಅಪಘಾತವಾಗಿ ಆತನ ಕಾಲು ನುಚ್ಚುನೂರಾಯಿತು. ಆಗ ಆತನಿಗೆ ೨೩ ವರ್ಷ. ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ, ಎಲುಬು ಕೂಡಲೊಲ್ಲದು, ಅದರೊಳಗೆ ಕೀವು. ಮೂರು ವರ್ಷ ಊರುಗೋಲಿನ ಬಾಳು. ಕಡೆಗೆ ಆ ಕಾಲು ಇನ್ನೊಂದಕ್ಕಿಂತ ಕೆಲವು ಸೆಂಟಿಮೀಟರು ಗಿಡ್ಡವಾಗಿಯೇ ಉಳಿಯಿತು.

೧೯೬೮ರಲ್ಲಿ ಬ್ರುಮೆಲ್ ಮಾಸ್ಕೋದಿಂದ ಸುಮಾರು ೨೦೦೦ ಕಿಲೋಮೀಟರು ಪೂರ್ವಕ್ಕಿರುವ ಕುರ್ಗಾನಿಗೆ ಹೋಗಿ ಇಲಿಜಾರೊವ್‌ನ ಕೈಗೆ ತನ್ನ ಕಾಲನ್ನು ಒಪ್ಪಿಸಿದನು. ರಾಜಧಾನಿಯ ತಜ್ಞರಲ್ಲಿ ಅನೇಕರು ಆ ವೈದ್ಯನನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬಳೆಗಳು ಬಂದುವು, ತಂತಿಗಳು ಬಂದುವು. ಎಲುಬು ಕೂಡಿತು, ಕಾಲು ಬೆಳೆಯಿತು. ಬ್ರುಮೆಲ್ ಊರುಗೋಲನ್ನು ಬಿಸುಟು ನಡೆದನು. ಬಳಿಕ ಮತ್ತೆ ಜಿಗಿತದ ಕಂಬಗಳ ಮುಂದೆ ಬಂದು ಎರಡು ಮೀಟರಿಗಿಂತ ಮೇಲಕ್ಕೆ ಹಾರಿದನು. ದೇಶವೆಲ್ಲ ಬೆರಗಾಯಿತು. ಇಲಿಜಾರೊವ್‌ನ ಹೆಸರು ರಷ್ಯದ ಮನೆಮನೆಗೂ ಮುಟ್ಟಿದ್ದು ಆ ಕಾಲಿನ ಮೂಲಕ. ೧೯೭೧ರಲ್ಲಿ ಕುರ್ಗಾನಿನಲ್ಲಿ ಆತನಿಗಾಗಿ ಒಂದು ಸಂಸ್ಥೆಯೇ ಎದ್ದಿತು.

ವೈದ್ಯನ ಕಣ್ಣಿನಿಂದ ನೋಡಿದರೆ ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು. ರೋಗಿಯ ಕಣ್ಣಿನಿಂದ ಒಂದು ಸಲ ನೋಡಬೇಕು. ಆತ ಹಾಸಿಗೆಯಲ್ಲಿ ಮಲಗಿದ್ದಷ್ಟು ಕಾಲವೂ ಆತನ ೨.೨೮ ಮೀಟರಿನ ದಾಖಲೆಯನ್ನು ಲೋಕದಲ್ಲಿ ಯಾರೂ ಮುರಿದಿರಲಿಲ್ಲ. ಅದು ೧೯೭೧ರವರೆಗೆ ಹಾಗೆಯೇ ನಿಂತಿದ್ದಿತು. ಊರುಗೋಲು ಹಿಡಿದು ನಿಂತವನೇ ಲೋಕದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹಾರಿದವನೂ ಆಗಿದ್ದನು! ಅಷ್ಟೇ ಅಲ್ಲ, ೧೯೬೮ರ ಅಕ್ಟೋಬರಿನಲ್ಲಿ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಅಮೆರಿಕದ ಡಿಕ್ ಫಾಸ್‌ಬರಿ ಬೆನ್ನನ್ನು ಕೆಳಗೆ ಮಾಡಿ ಅಡ್ಡಪಟ್ಟಿಯನ್ನು ದಾಟುವ ಹೊಸ ರೀತಿಯಿಂದ ಚಿನ್ನ ಗೆದ್ದನು. ಹೊಟ್ಟೆ ಕೆಳಗಾಗಿ ಹೊರಳಿ ದಾಟುವ ರೀತಿಯಲ್ಲಿ ಬ್ರುಮೆಲ್ ಅದ್ವಿತೀಯನಾಗಿದ್ದನು; ಮುಂದಿನ ವರ್ಷಗಳಲ್ಲಿ ಆ ರೀತಿಯೇ ಮರೆಗೆ ಸರಿಯಿತು. ಆತನ ಕಾಲು ಗುಣವಾಗುತ್ತಿದ್ದ ಕಾಲದಲ್ಲಿಯೇ ಆತನ ವಿದ್ಯೆ ಹಳೆಯದಾಗುತ್ತಿದ್ದಿತು. ಮುಂದೆ ಎಂದೂ ಆತ ಒಲಿಂಪಿಕ್ಸಿಗೆ ಹೋಗಲಿಲ್ಲ. ಎರಡು ಮೀಟರು ವೈದ್ಯರಿಗೆ ಪವಾಡವಾಗಿ ಕಂಡಿತು. ಅದೇ ಎರಡು ಮೀಟರನ್ನು ಹಾರಿದವನು ತನ್ನದೇ ಗುರುತಿನಿಂದ ಎಷ್ಟು ಕೆಳಗಿದ್ದೇನೆಂಬುದನ್ನು ಬಲ್ಲವನಾಗಿದ್ದನು.

ಇದು ದೊಡ್ಡ ಆಟಗಾರನ ದುಃಖ ಮಾತ್ರವಲ್ಲ. ಕಾಲನ್ನು ಬೆಳೆಸಿಕೊಂಡವರಲ್ಲಿ ಬಹುಮಂದಿಗೆ ತಮ್ಮದೇ ಆದ ಒಂದು ೨.೨೮ ಇರುತ್ತದೆ. ಚಿಕಿತ್ಸೆಗೆ ಮೊದಲು ಮನಸ್ಸಿನಲ್ಲಿ ಬರೆದುಕೊಂಡ ಚಿತ್ರವದು: ನೆಟ್ಟಗೆ ನಡೆದುಬರುವ ಒಬ್ಬ ಮನುಷ್ಯ, ಹಿಂದಿನ ನಾಚಿಕೆಯೊಂದೂ ಇಲ್ಲದ ಒಂದು ಮುಖ. ಟೇಪು ಹಿಡಿದು ಅಳೆದರೆ ಕಾಲು ಹೇಳಿದಷ್ಟೂ ಬೆಳೆದಿರುತ್ತದೆ. ಆದರೆ ಮನಸ್ಸಿನ ಚಿತ್ರಕ್ಕೂ ಕನ್ನಡಿಯೊಳಗಿನ ರೂಪಕ್ಕೂ ನಡುವೆ ಉಳಿದ ತೆರಪನ್ನು ಯಾವ ತಂತಿಯೂ ತುಂಬಲಾರದು. ಅದನ್ನು ತುಂಬುವುದಕ್ಕೆ ಬೇರೆಯೇ ಕಾಲ ಬೇಕು.

ಬಳೆಗಳನ್ನು ಬಿಚ್ಚುವ ದಿನವೂ ಅಂದುಕೊಂಡಷ್ಟು ಸರಳವಾಗಿರುವುದಿಲ್ಲ. ತಿಂಗಳುಗಟ್ಟಲೆ ಯಾವುದನ್ನು ಶಪಿಸಿದ್ದನೋ ಅದು ಹೋದಮೇಲೆ ರೋಗಿಗೆ ಕಾಲು ಬೆತ್ತಲೆಯಾದಂತೆ ಅನ್ನಿಸುತ್ತದೆ. ಮೊದಲ ಹೆಜ್ಜೆಯಿಡಲು ಭಯ. ಹೊಸ ಎಲುಬು ಮುರಿದೀತೆಂಬ ಭಯಕ್ಕೆ ಆಧಾರವಿಲ್ಲದೆಯೂ ಇಲ್ಲ. ಬಳೆ ಬಿಚ್ಚಿದ ಮೊದಲ ವಾರಗಳಲ್ಲಿ ಎಚ್ಚರವಾಗಿರುವಂತೆ ವೈದ್ಯರೇ ಹೇಳುತ್ತಾರೆ. ಮನೆಯವರೆಲ್ಲ ನಗುತ್ತ ಸುತ್ತ ನಿಂತಿರುವಾಗ ತನಗೊಬ್ಬನಿಗೇ ನಗು ಬಾರದಿರುವುದನ್ನು ಕಂಡು ಅವನು, ‘ನಾನು ಕೃತಘ್ನನೇ?’ ಎಂದು ಒಳಗೊಳಗೆ ಕೇಳಿಕೊಳ್ಳುತ್ತಾನೆ. ಕೃತಘ್ನತೆ ಅದಲ್ಲ. ದಣಿದ ಮನಸ್ಸು ಮೈಯಷ್ಟು ಬೇಗ ಏಳುವುದಿಲ್ಲ, ಅಷ್ಟೆ.

ನಡುವಿನ ದಿನಗಳಲ್ಲಿ ಅವನೊಡನೆ ಬಾಳುವವರ ಮಾತನ್ನೂ ಇಲ್ಲಿ ಹೇಳಬೇಕು. ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ ಎಂಬ ಗಾದೆ ಸುಳ್ಳಲ್ಲ. ಬಿಸಿನೀರು ಕಾಯಿಸಿ ತಂತಿಗಳ ಬುಡವನ್ನು ಒರೆಸುವ ತಾಯಿ, ನಡುರಾತ್ರಿ ಎದ್ದು ದಿಂಬನ್ನು ಸರಿಮಾಡುವ ಹೆಂಡತಿ, ಅಪ್ಪನ ಕಾಲನ್ನು ಕಂಡು ಹೆದರಿ ಹತ್ತಿರ ಬಾರದ ಮಗು, ಇವರೆಲ್ಲರ ಪಾಲಿಗೂ ಒಂದೊಂದು ತಂತಿ ಬಂದಿರುತ್ತದೆ. ಆರೈಕೆ ಮಾಡುವವರಿಗೆ ದಣಿವಾಗುತ್ತದೆ. ದಣಿವನ್ನು ತೋರಿಸಿಕೊಳ್ಳುವ ಹಕ್ಕು ತಮಗಿಲ್ಲವೆಂದು ಅವರೂ ಬಾಯಿ ಮುಚ್ಚಿಕೊಂಡಿರುತ್ತಾರೆ. ಹೀಗೆ ಒಂದೇ ಮನೆಯಲ್ಲಿ ಇಬ್ಬರು ಒಬ್ಬರಿಗೊಬ್ಬರು ಮರೆಮಾಚುತ್ತ ನಗುವುದುಂಟು. ನಗುವನ್ನು ಬಿಟ್ಟು ಒಂದು ದಿನ ಕೂಡಿ ಅತ್ತರೆ ಆ ಮನೆಗೆ ಒಳ್ಳೆಯದು.

ಬಂಧುಗಳು ನೋಡಲು ಬರುವುದು ನಮ್ಮ ಕಡೆಯ ಸಂಪ್ರದಾಯ; ಒಳ್ಳೆಯ ಸಂಪ್ರದಾಯವೇ ಸರಿ. ಆದರೆ ಕಿತ್ತಳೆಹಣ್ಣಿನೊಡನೆ ಅವರು ತರುವ ಮಾತುಗಳು ಯಾವಾಗಲೂ ಸಿಹಿಯಾಗಿರುವುದಿಲ್ಲ. ‘ಅಯ್ಯೋ ಪಾಪ, ಇಷ್ಟೆಲ್ಲ ಯಾಕೆ ಬೇಕಿತ್ತು?’ ಎನ್ನುವವರು ಕೆಲವರು. ‘ಇನ್ನೆಷ್ಟು ದಿನ?’ ಎನ್ನುವವರು ಎಲ್ಲರೂ. ಆ ಪ್ರಶ್ನೆಯನ್ನು ಅವನು ದಿನಕ್ಕೆ ನೂರು ಸಲ ತನ್ನನ್ನೇ ಕೇಳಿಕೊಳ್ಳುತ್ತಿರುತ್ತಾನೆ. ನೂರೊಂದನೆಯ ಸಲ ಕೇಳುವುದರಿಂದ ಆಗುವ ಲಾಭವೇನು? ಇಂದು ಏನು ಓದಿದೆ, ರೇಡಿಯೋದಲ್ಲಿ ಏನು ಕೇಳಿದೆ, ಪಕ್ಕದ ಮನೆಯ ಹುಡುಗನಿಗೆ ಲೆಕ್ಕ ಹೇಳಿಕೊಡುತ್ತೀಯಾ ಎಂದು ಕೇಳಿದರೆ ಅವನಿಗೆ ತಾನು ಬಳೆಗಳೊಳಗಿನ ಕಾಲು ಮಾತ್ರವಲ್ಲ, ಒಬ್ಬ ಮನುಷ್ಯನೂ ಹೌದು ಎಂಬುದು ನೆನಪಾಗುತ್ತದೆ.

ಕುರ್ಗಾನಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ದೊರೆತಿದ್ದ ಒಂದು ಭಾಗ್ಯವೆಂದರೆ ಜೊತೆಗಾರರು. ಬಳೆ ತೊಟ್ಟವರನ್ನು ಮಲಗಲು ಬಿಡದೆ ಆದಷ್ಟು ಬೇಗ ಎಬ್ಬಿಸಿ ನಡೆಸುವುದು ಇಲಿಜಾರೊವ್‌ನ ಪದ್ಧತಿ. ನಡೆದಷ್ಟೂ ಎಲುಬು ಚೆನ್ನಾಗಿ ಬಲಿಯುತ್ತದೆಂಬುದು ಆತನ ಮತ. ಹೀಗಾಗಿ ಬಳೆಗಾಲಿನವರು ಬಳೆಗಾಲಿನವರೊಡನೆ ಬೆರೆತು ಓಡಾಡುತ್ತಿದ್ದರು. ಇಟಲಿಯ ಕಾರ್ಲೊ ಮೌರಿ ೧೯೮೦ರಲ್ಲಿ ಅಲ್ಲಿಗೆ ಹೋದಾಗ ಆತನಿಗೆ ೫೦ ವರ್ಷ. ೧೯೫೮ರಲ್ಲಿ ಕಾರಕೋರಂ ಪರ್ವತದ ಗಾಶೆರ್‌ಬ್ರುಮ್ ನಾಲ್ಕನೆಯ ಶಿಖರವನ್ನು ವಾಲ್ಟರ್ ಬೊನಾಟಿಯೊಡನೆ ಮೊತ್ತಮೊದಲು ಏರಿದ್ದ ಸಾಹಸಿ ಆತ. ಬಳಿಕ ಹಿಮದ ಮೇಲೆ ಜಾರುವ ಆಟದಲ್ಲಿ ಕಾಲು ಮುರಿದು, ಸರಿಯಾಗಿ ಕೂಡದೆ, ಹಲವು ವರ್ಷ ಕುಂಟುತ್ತಲೇ ಬಾಳಿದ್ದನು. ಥಾರ್ ಹೆಯರ್‌ಡಾಲ್‌ನ ‘ರಾ’ ಎಂಬ ಜೊಂಡಿನ ದೋಣಿಯಲ್ಲಿ ಸಾಗರಯಾನ ಮಾಡಿದಾಗ ಜೊತೆಯಲ್ಲಿದ್ದ ರಷ್ಯದ ವೈದ್ಯ ಯೂರಿ ಸೆಂಕೆವಿಚ್ ಹೇಳಿದ ಮಾತು ಆತನನ್ನು ಸೈಬೀರಿಯಕ್ಕೆ ಕರೆದೊಯ್ದಿತು. ಭಾಷೆ ಬಾರದ ನಾಡಿನಿಂದ ಆತ ಗುಣವಾಗಿ ಮರಳಿದುದನ್ನು ಕಂಡು ಇಟಲಿಯ ವೈದ್ಯರು ೧೯೮೧ರಲ್ಲಿ ಇಲಿಜಾರೊವ್‌ನನ್ನೇ ತಮ್ಮ ನಾಡಿಗೆ ಕರೆಸಿಕೊಂಡರು. ಅಲ್ಲಿಂದ ಈ ವಿದ್ಯೆ ಪಶ್ಚಿಮ ದೇಶಗಳಿಗೆಲ್ಲ ಹರಡಿತು.

ಭಾರತದಲ್ಲಿಯೂ ಇದು ಬೇರೂರಿತು. ಬೇರೂರಲು ಕಾರಣವೂ ಇದ್ದಿತು. ಎಳವೆಯಲ್ಲಿ ಪೋಲಿಯೋ ತಗುಲಿ ಒಂದು ಕಾಲು ಬೆಳೆಯದೆ ಉಳಿದವರು ಇಲ್ಲಿಯ ಪ್ರತಿಯೊಂದು ಊರಿನಲ್ಲಿಯೂ ಇದ್ದರು, ಕರ್ನಾಟಕದಲ್ಲಿಯೂ ಇದ್ದರು. ೨೦೧೧ರ ಜನವರಿಯ ಬಳಿಕ ಸಹಜ ಪೋಲಿಯೋ ವೈರಾಣುವಿನಿಂದ ದೇಶದಲ್ಲಿ ಯಾವ ಮಗುವಿಗೂ ಆ ರೋಗ ಕಾಣಿಸಿಕೊಳ್ಳಲಿಲ್ಲ; ೨೦೧೪ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಆದರೆ ಅದಕ್ಕೆ ಮೊದಲು ಆ ರೋಗಕ್ಕೆ ಸಿಕ್ಕಿದವರು ಇಂದು ಕಚೇರಿಗಳಲ್ಲಿ, ಶಾಲೆಗಳಲ್ಲಿ, ಅಂಗಡಿಗಳಲ್ಲಿ ದುಡಿಯುತ್ತಿದ್ದಾರೆ. ಇಂಥವರಿಗೂ, ಅಪಘಾತದಲ್ಲಿ ಎಲುಬು ಕಳೆದುಕೊಂಡವರಿಗೂ, ಹುಟ್ಟಿನಿಂದಲೇ ಕಾಲುಗಳು ಸಮನಾಗಿಲ್ಲದ ಮಕ್ಕಳಿಗೂ ಈ ಚಿಕಿತ್ಸೆ ವರವಾಗಬಲ್ಲುದು. ಅವರು ಪಡುವ ಬೇಗೆಗೆ ಎದುರಾಗಿ ತೂಗಲು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಒಂದು ನಡಿಗೆಯೇ ಇದೆ.

ಈಗೀಗ ಬೇರೊಂದು ಬಗೆಯವರೂ ವೈದ್ಯರ ಬಾಗಿಲಿಗೆ ಬರುತ್ತಿದ್ದಾರೆ. ಅವರ ಎರಡು ಕಾಲುಗಳೂ ಸಮನಾಗಿವೆ, ಗಟ್ಟಿಯಾಗಿವೆ. ಅವರಿಗೆ ಬೇಕಾದುದು ಎತ್ತರ. ವಧೂವರರ ಜಾಹೀರಾತುಗಳಲ್ಲಿ ವಯಸ್ಸು, ಗೋತ್ರ, ಸಂಬಳಗಳ ಪಕ್ಕದಲ್ಲಿ ಅಡಿ ಅಂಗುಲಗಳೂ ಸೇರಿಕೊಂಡಿರುವ ಸಮಾಜದಲ್ಲಿ ಇದು ಆಶ್ಚರ್ಯವಲ್ಲ. ‘ಹುಡುಗ ಎಲ್ಲ ಸರಿ, ಸ್ವಲ್ಪ ಕುಳ್ಳು’ ಎಂಬ ಮಾತನ್ನು ಆಡಿದವರು ಅರ್ಧ ಗಂಟೆಯಲ್ಲಿ ಮರೆತುಬಿಡುತ್ತಾರೆ. ಕೇಳಿಸಿಕೊಂಡ ಹುಡುಗ ಹತ್ತು ವರ್ಷ ಮರೆಯುವುದಿಲ್ಲ. ಅಂಥವನನ್ನು ಹಾಸ್ಯಮಾಡುವುದು ಅನ್ಯಾಯ. ಅವನ ನೋವು ಕೂಡ ನೋವೇ. ಈಚಿನ ವರ್ಷಗಳಲ್ಲಿ ಹೊರಗಿನ ಬಳೆಗಳಿಲ್ಲದೆ, ಎಲುಬಿನ ಒಳಗೆ ಕೂರಿಸಿದ ಸರಳನ್ನು ಹೊರಗಿನಿಂದ ಅಯಸ್ಕಾಂತದ ಬಲದಿಂದ ಉದ್ದಮಾಡುವ ಕ್ರಮವೂ ಬಂದಿದೆ. ತಂತಿಯ ತೂತುಗಳ ಕಾಟ ಅದರಲ್ಲಿಲ್ಲ. ಆದರೆ ಎಲುಬಿಗೆ ಹೊಸ ಕಾಲಮಾನ ಬಂದಿಲ್ಲ. ಅದು ಅಂದಿನಂತೆಯೇ ಇಂದೂ ದಿನಕ್ಕೆ ಸುಮಾರು ಒಂದು ಮಿಲಿಮೀಟರಿಗಿಂತ ಹೆಚ್ಚು ಅವಸರವನ್ನು ಸಹಿಸದು. ಸ್ನಾಯುಗಳೂ ನರಗಳೂ ಅಂದಿನಂತೆಯೇ ನೋಯುತ್ತವೆ. ಬರಿಯ ಎತ್ತರಕ್ಕಾಗಿ ಈ ಚಿಕಿತ್ಸೆ ಮಾಡುವುದನ್ನು ಚೀನಾದೇಶವು ೨೦೦೬ರಲ್ಲಿ ನಿಷೇಧಿಸಿತು. ಅದರಿಂದ ಅಂಗವಿಕಲರಾದವರ ಉದಾಹರಣೆಗಳು ಕಣ್ಣಮುಂದಿದ್ದುವು.

ನಿಷೇಧದ ಮಾತು ಸರಕಾರಗಳಿಗಿರಲಿ. ಮನೆಯ ಹಿರಿಯರಿಗೆ ಬೇರೆಯೊಂದು ಕೆಲಸವಿದೆ. ಮಗನೋ ಮಗಳೋ ಇಂಥ ಆಸೆಯನ್ನು ಬಾಯಿಬಿಟ್ಟು ಹೇಳಿದರೆ ಗದರಿಸುವುದಕ್ಕೂ ಮೊದಲು, ಹಣದ ಲೆಕ್ಕ ಹಾಕುವುದಕ್ಕೂ ಮೊದಲು, ಒಂದು ಪ್ರಶ್ನೆಯನ್ನು ಮೆಲ್ಲಗೆ ಕೇಳಬೇಕು: ಎರಡು ಅಂಗುಲ ಬೆಳೆದ ಮರುದಿನ ಬೆಳಿಗ್ಗೆ ನಿನ್ನ ಬಾಳಿನಲ್ಲಿ ಏನು ಬದಲಾಗಿರಬೇಕು? ‘ನೆಟ್ಟಗೆ ನಡೆಯಬೇಕು, ಮೆಟ್ಟಿಲು ಹತ್ತಬೇಕು, ಸೊಂಟದ ನೋವು ಹೋಗಬೇಕು’ ಎಂಬುದು ಉತ್ತರವಾದರೆ ಎಲುಬಿನ ವೈದ್ಯನಿಂದ ಅದು ಸಾಧ್ಯ. ‘ನನ್ನನ್ನು ಯಾರೂ ಕೀಳಾಗಿ ಕಾಣಬಾರದು’ ಎಂಬುದು ಉತ್ತರವಾದರೆ ಆ ಗಾಯವಿರುವುದು ಕಾಲಿನಲ್ಲಲ್ಲ. ಅದನ್ನು ಕಾಲಿನಲ್ಲಿ ಹುಡುಕಿ ಕತ್ತರಿಸಿದರೆ ಕಾಲಿಗೆ ಇಲ್ಲದ ನೋವು ಬಂದೀತು. ಹಳೆಯ ಗಾಯ ಇದ್ದಲ್ಲಿಯೇ ಇದ್ದೀತು.

ಚಿಕಿತ್ಸೆ ಬೇಕೆಂದೇ ತೀರ್ಮಾನವಾದವರಿಗೂ ಕೆಲವು ಮಾತುಗಳನ್ನು ಮೊದಲೇ ಹೇಳಿಡುವುದು ದಯೆಯ ಕೆಲಸ. ಎರಡನೆಯ ವಾರದ ಮೇಲೆ ರಾತ್ರಿಗಳು ಉದ್ದವಾಗುತ್ತವೆ. ನಟ್ಟಿನ ಮುಂದೆ ಕೈ ಒಂದು ದಿನ ಅಳುಕುತ್ತದೆ. ಅಂದು ಮನೆಯವರಲ್ಲಿ ಒಬ್ಬರು ಸ್ಪ್ಯಾನರನ್ನು ಹಿಡಿಯಬಹುದು, ಅದರಲ್ಲಿ ಅವಮಾನವಿಲ್ಲ. ಬೆಳೆಸುವ ದಿನಗಳಿಗಿಂತ ಕಾಯುವ ದಿನಗಳು ಕಠಿಣ. ಬಳೆ ಬಿಚ್ಚಿದ ದಿನ ಸಂತೋಷ ಬಾರದಿದ್ದರೆ ಗಾಬರಿಪಡಬಾರದು. ವಾರಗಟ್ಟಲೆ ನಿದ್ರೆಯೂ ಊಟವೂ ಬೇಡವಾಗಿ, ಬಾಳೇ ಬೇಡವೆನ್ನಿಸಿದರೆ ಎಲುಬಿನ ವೈದ್ಯನಿಗೂ ಮನೋವೈದ್ಯನಿಗೂ ಒಡನೆಯೇ ತಿಳಿಸಬೇಕು. ಕೀವು ಕಂಡಾಗ ತಡಮಾಡದಂತೆ ಇದರಲ್ಲಿಯೂ ತಡಮಾಡಬಾರದು. ಇದೇ ಹಾದಿಯನ್ನು ನಡೆದು ಮುಗಿಸಿದ ಒಬ್ಬರನ್ನು ಕಂಡು ಮಾತಾಡಿದರೆ ಹತ್ತು ಪುಸ್ತಕ ಓದಿದ್ದಕ್ಕಿಂತ ಹೆಚ್ಚು ಧೈರ್ಯ ಬರುತ್ತದೆ.

ಇಲಿಜಾರೊವ್ ೧೯೯೨ರಲ್ಲಿ ತೀರಿಕೊಂಡನು, ಬ್ರುಮೆಲ್ ೨೦೦೩ರಲ್ಲಿ. ಆತುರಪಡದೆ ಎಳೆದರೆ ಎಲುಬು ಕೂಡ ಬೆಳೆಯುತ್ತದೆಂದು ಆ ವೈದ್ಯ ಲೋಕಕ್ಕೆ ತೋರಿಸಿಕೊಟ್ಟನು. ಆ ಎಳೆತಕ್ಕೆ ಒಂದು ಮಿತಿಯಿದೆ ಎಂಬುದನ್ನೂ ಆತನೇ ಹೇಳಿದನು. ಮನಸ್ಸಿನ ಮಿತಿಯನ್ನು ಮಿಲಿಮೀಟರಿನಲ್ಲಿ ಬರೆದಿಟ್ಟವರಿಲ್ಲ. ಅದು ಒಬ್ಬೊಬ್ಬರಿಗೆ ಒಂದೊಂದು ಬಗೆ, ಒಬ್ಬರಿಗೇ ಒಂದೊಂದು ದಿನ ಒಂದೊಂದು ಬಗೆ. ಮಗ್ಗುಲಲ್ಲಿ ಕುಳಿತವರು ಇಂದು ಎಷ್ಟು ತಾಳಬಲ್ಲೆ ಎಂದು ಕೇಳಿ, ಬಂದ ಉತ್ತರವನ್ನು ನಂಬಿ, ಅಷ್ಟಕ್ಕೆ ಅಂದಿನ ದಿನವನ್ನು ನಿಲ್ಲಿಸುವುದೇ ಅದಕ್ಕೆ ಸದ್ಯಕ್ಕಿರುವ ಅಳತೆ.